ಜಾಥಾ ಸಾಕು, ಅವ್ವನ ಪಕ್ಕ ಕೂತ್ಕೊಳ್ರಿ

ಡಿಗ್ರಿ ಎರಡನೇ ವರ್ಷದಲ್ಲಿ ನಾನೂ ಎನ್ನೆಸ್ಸೆಸ್ ಕ್ಯಾಂಪಿಗೆ ಹೋಗಿದ್ದೆ. ಏಳು ದಿನ. ತಲೆಗೆ ಟೋಪಿ, ಕೈಯಲ್ಲಿ ಬ್ಯಾನರ್, ಮುಂದೆ ಹಲಗೆಯವರು. ಎಲ್ಲರೂ ಅಕ್ಷರ ಕಲಿಯಬೇಕು ಅಂತ ಕೂಗುತ್ತ ಓಣಿ ಓಣಿ ಸುತ್ತಿದೆವು. ಕಟ್ಟೆ ಮೇಲೆ ಜೋಳ ಹಸನು ಮಾಡುತ್ತಿದ್ದ ಒಬ್ಬ ಆಯಿ ನನ್ನನ್ನು ಕರೆದು ಬ್ಯಾನರ್ ತೋರಿಸಿದಳು. "ತಮ್ಮಾ, ಅದರಾಗ ಏನ್ ಬರದಾರ?"

ಓದಿ ಹೇಳಿದೆ.

"ಹೌದೇನು? ಮತ್ತ ಯಾರು ಕಲಸ್ತೀರಿ, ನೀವ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಜಾಥಾ ಮುಂದೆ ಹೋಗಿತ್ತು, ಓಡಿಹೋಗಿ ಸೇರಿಕೊಂಡೆ. ಸಂಜೆ ಫೋಟೊ ತೆಗೆಸಿಕೊಂಡೆವು. ಓದು ಬಾರದವರಿಗೆ ಓದಲು ಬ್ಯಾನರ್ ಹಿಡಿದು ಹೋದ ಬುದ್ಧಿವಂತರು ನಾವು.

ಇವತ್ತಿಗೂ ಬಹಳ ಕಡೆ ಇದೇ ನಡೆಯುತ್ತಿದೆ. ವಿದ್ಯಾರ್ಥಿಗಳು ಸಾಕ್ಷರತೆಗೆ ಏನು ಮಾಡಿದರು ಎಂದು ಕೇಳಿದರೆ ಕಾಲೇಜಿನವರು ಫೋಟೊ ತೋರಿಸುತ್ತಾರೆ. ಎಷ್ಟು ಮಂದಿ ಓದಲು ಕಲಿತರು ಎಂದು ಕೇಳಿ ನೋಡಿ, ಸುಮ್ಮನಾಗುತ್ತಾರೆ.

ಕೆಲಸ ಮುಗಿದಿದೆ ಅಂದುಕೊಳ್ಳಬೇಡಿ. 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ಓದು ಬಲ್ಲವರು ನೂರಕ್ಕೆ 75. ದಕ್ಷಿಣ ಕನ್ನಡದಲ್ಲಿ 88 ದಾಟಿದ್ದರೆ ಯಾದಗಿರಿಯಲ್ಲಿ 52ರ ಹತ್ತಿರ. ಯಾದಗಿರಿಯ ಹೆಣ್ಣುಮಕ್ಕಳನ್ನಷ್ಟೇ ಲೆಕ್ಕ ಹಾಕಿದರೆ ಸುಮಾರು 41. 2021ರ ಗಣತಿ ಆ ವರ್ಷ ನಡೆಯಲೇ ಇಲ್ಲ. ಇನ್ನೊಂದು ಮಾತು: ಬರೀ ಸಹಿ ಮಾಡಲು ಬಂದರೆ ಗಣತಿಯವರು ಸಾಕ್ಷರ ಎನ್ನುವುದಿಲ್ಲ. ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಬೇಕು, ಬರೆಯಬೇಕು. ನಾವು ಮಾತ್ರ ಅವ್ವನಿಗೆ ಸಹಿ ಕಲಿಸಿ ಕೈ ತೊಳೆದುಕೊಂಡಿದ್ದೇವೆ.

ವಿದ್ಯಾರ್ಥಿಗಳಿಗೆ ಪುರುಸೊತ್ತಿಲ್ಲ, ಪರೀಕ್ಷೆ ಇರುತ್ತದೆ ಎನ್ನುತ್ತಾರೆ. ಹೊಸದಾಗಿ ಪುರುಸೊತ್ತು ಹುಡುಕಬೇಕಾಗಿಲ್ಲ. ಎನ್ನೆಸ್ಸೆಸ್‌ಗೆ ಸೇರಿದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು ಎಂಬ ನಿಯಮ ಮೊದಲೇ ಇದೆ. ದೊಡ್ಡವರಿಗೆ ಓದು, ಬರಹ, ಲೆಕ್ಕದ ಮೂರು ಪುಸ್ತಕ ಮುಗಿಸಲು ಸುಮಾರು 200 ಗಂಟೆ ಬೇಕು ಎಂದು ಲೆಕ್ಕ ಹಾಕಿದ್ದು 1988ರಲ್ಲಿ ಶುರುವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್. 240ರಲ್ಲಿ 200 ಕಳೆಯಿರಿ. ಇನ್ನೂ 40 ಗಂಟೆ ಉಳಿಯುತ್ತದೆ, ಅದರಲ್ಲಿ ಬೇಕಾದಷ್ಟು ಕಸ ಗುಡಿಸಿ, ಸಸಿ ನೆಡಿ.

ಇದು ಆಗುವ ಮಾತೇ ಎನ್ನುವವರಿಗೆ ಕ್ಯೂಬಾದ ಕಥೆ ಹೇಳಬೇಕು. 1961ರಲ್ಲಿ ಆ ಪುಟ್ಟ ದೇಶ ಶಾಲೆ ಮುಚ್ಚಿ ಸುಮಾರು ಒಂದು ಲಕ್ಷ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸಿತು. ಬಹಳಷ್ಟು ಮಂದಿ ಹದಿಹರೆಯದವರು, ಅವರಲ್ಲಿ ಹುಡುಗಿಯರೇ ಹೆಚ್ಚು. ರೈತರ ಮನೆಯಲ್ಲೇ ಇದ್ದು, ಹಗಲು ಅವರ ಜೊತೆ ಹೊಲದಲ್ಲಿ ದುಡಿದು, ರಾತ್ರಿ ಕಂದೀಲಿನ ಬೆಳಕಿನಲ್ಲಿ ಪಾಠ ಹೇಳಿದರು. ಕೂಲಿಕಾರರು, ಮೇಷ್ಟ್ರುಗಳು, ಪಟ್ಟಣದ ಸ್ವಯಂಸೇವಕರೂ ಕೈ ಜೋಡಿಸಿದರು. ವರ್ಷ ಮುಗಿಯುವಷ್ಟರಲ್ಲಿ ಏಳು ಲಕ್ಷ ಜನ ಓದಲು ಕಲಿತರು. ಕೊನೆಯ ಪರೀಕ್ಷೆ ಏನು ಗೊತ್ತೇ? ಸ್ವಂತ ಕೈಯಿಂದ ಒಂದು ಪತ್ರ, ಅದೂ ದೇಶದ ನಾಯಕ ಕ್ಯಾಸ್ಟ್ರೊಗೆ. ಪುಸ್ತಕದ ತುಂಬ ಸರ್ಕಾರದ ಪ್ರಚಾರ ಇತ್ತು, ಅದು ನನಗೆ ಇಷ್ಟವಿಲ್ಲ. ಆದರೆ ಆ ಹುಡುಗರು ಜಾಥಾ ಮಾಡಿ ಬಸ್ ಹತ್ತಲಿಲ್ಲ, ತಿಂಗಳುಗಟ್ಟಲೆ ಅಲ್ಲೇ ಕೂತರು. ನಮ್ಮಲ್ಲೂ ಆಗಿದೆ: ಪಕ್ಕದ ಕೇರಳದ ಎರ್ನಾಕುಲಂ 1990ರಲ್ಲಿ ದೇಶದ ಮೊದಲ ಪೂರ್ಣ ಸಾಕ್ಷರ ಜಿಲ್ಲೆ ಎನಿಸಿದ್ದು ಸಾವಿರಾರು ಸ್ವಯಂಸೇವಕರಿಂದ.

ನಮಗಂತೂ ಯಾರ ಊರಿಗೂ ಹೋಗುವ ಅಗತ್ಯವಿಲ್ಲ. ಓದು ಬಾರದವರು ನಮ್ಮ ಮನೆಯಲ್ಲೇ ಇದ್ದಾರೆ.

"ಈಗ ಫೋನೇ ಮಾತಾಡ್ತದ, ಓದು ಯಾಕ ಬೇಕು?" ಎಂದು ನನ್ನ ಗೆಳೆಯನೊಬ್ಬ ವಾದ ಮಾಡುತ್ತಾನೆ. ಸರಿ, ವಾಯ್ಸ್ ಮೆಸೇಜು, ಯೂಟ್ಯೂಬು ಎಲ್ಲಾ ಇದೆ. ಸಂಘದ ಸಾಲದ ಕಾಗದ ಮಾತಾಡುತ್ತದೆಯೇ? ಐದಾರು ಹೆಣ್ಣುಮಕ್ಕಳ ಗುಂಪು, ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಬಡ್ಡಿ ಎಷ್ಟು, ವಿಮೆಗೆ ಎಂದು ಹಿಡಿದದ್ದೆಷ್ಟು, ಎಲ್ಲಾ ವಸೂಲಿಗೆ ಬಂದವನ ಬಾಯಲ್ಲಿ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆಯೇ ಬಂತು. ಓದು ಕಲಿತರೆ ಸಾಲ ತೀರುವುದಿಲ್ಲ, ನಿಜ. ಹೆಬ್ಬೆಟ್ಟು ಒತ್ತುವ ಮೊದಲು "ಇದೇನು ಬರದದ?" ಎಂದು ಬೆರಳಿಟ್ಟು ಕೇಳಬಹುದಲ್ಲ.

ಗೃಹಲಕ್ಷ್ಮಿ ದುಡ್ಡು ಬಂತೋ ಇಲ್ಲವೋ ಎಂದು ತಿಳಿಯಲು ಅವ್ವಂದಿರು ಪಾಸ್‌ಬುಕ್ ಹಿಡಿದು ಯಾರ್ಯಾರ ಮುಂದೆಯೋ ನಿಲ್ಲುತ್ತಾರೆ. ಬ್ಯಾಂಕಿನ ಮೆಸೇಜು ಇಂಗ್ಲಿಷಿನಲ್ಲಿ ಬರುತ್ತದೆ, ಅದು ಬೇರೆಯೇ ಜಗಳ, ಇನ್ನೊಮ್ಮೆ ಬರೆಯುತ್ತೇನೆ. ಅಂಕಿಯಾದರೂ ಓದಲು ಬಂದರೆ ಅರ್ಧ ಅಲೆದಾಟ ತಪ್ಪುತ್ತದೆ.

ಸರ್ಕಾರದ ಕೆಲಸ ನಮಗ್ಯಾಕೆ ಎನ್ನುವವರೂ ಇದ್ದಾರೆ. ಸರ್ಕಾರ ಪುಸ್ತಕ ಕೊಡಲಿ, ಕಲಿಸುವವರಿಗೆ ತರಬೇತಿ ಕೊಡಲಿ, ಬಿಡಬೇಡಿ, ಕೇಳಿ. ಆದರೆ ರಾತ್ರಿ ಎಂಟಕ್ಕೆ ರೊಟ್ಟಿ ಬಡಿದು ಮುಗಿಸಿದ ಹೆಂಗಸಿನ ಪಕ್ಕ ಯಾವ ಇಲಾಖೆಯೂ ಬಂದು ಕೂರುವುದಿಲ್ಲ.

ಕಾಲೇಜಿನ ಮೇಷ್ಟ್ರುಗಳಿಗೆ ಒಂದೇ ಬೇಡಿಕೆ. ಸೇವಾ ಪ್ರಮಾಣಪತ್ರ ಕೊಡುವ ಮೊದಲು ಫೋಟೊ ಕೇಳಬೇಡಿ. ವಿದ್ಯಾರ್ಥಿ ಕಲಿಸಿದವರನ್ನು ಕರೆಸಿ, ಅವರ ಕೈಗೆ ಒಂದು ಬಸ್ ಟಿಕೆಟ್ಟೋ ಪೇಪರೋ ಕೊಟ್ಟು ಓದಿಸಿ.

ಇಷ್ಟು ಉಪದೇಶ ಮಾಡುವ ನಾನು ಏನು ಮಾಡಿದೆ? ಹೇಳಲು ನಾಚಿಕೆ. ಪತ್ರಿಕೋದ್ಯಮ ಓದಿ ಮುಗಿಸಿದೆ. ನನ್ನ ಹೆಸರಿನಲ್ಲಿ ಮೊದಲ ವರದಿ ಅಚ್ಚಾದ ದಿನ ಪೇಪರ್ ತಂದು ಅವ್ವನ ಕೈಗೆ ಕೊಟ್ಟೆ. ಅದರಲ್ಲಿದ್ದ ಫೋಟೊ ನೋಡಿದಳು, ಮಡಚಿ ಟ್ರಂಕಿನಲ್ಲಿಟ್ಟಳು. ಹದಿನೈದು ವರ್ಷ ನನ್ನನ್ನು ಓದಿಸಿದವಳಿಗೆ ಹದಿನೈದು ದಿನ ನಾನು ಓದಿಸಿರಲಿಲ್ಲ.

ಹೋದ ದೀಪಾವಳಿಯಿಂದ ಶುರು ಮಾಡಿದ್ದೇವೆ. ಅ ಆ ಇ ಈ ಇಂದ ಹೊರಟು ಮೊದಲ ವಾರವೇ ಸೋತೆ. "ಇದು ಸಣ್ಣ ಹುಡುಗರದು" ಎಂದು ಎದ್ದು ಹೋದಳು. ಆಮೇಲೆ ಅವಳ ಹೆಸರು, ಊರಿನ ಹೆಸರು, ರೇಷನ್ ಕಾರ್ಡು, ಬಸ್ಸಿನ ಬೋರ್ಡು ಹಿಡಿದುಕೊಂಡೆವು. ಬಿತ್ತನೆ, ಸುಗ್ಗಿ ಅಂತ ತಿಂಗಳುಗಟ್ಟಲೆ ನಿಂತಿತು. ಒತ್ತಕ್ಷರ ಬಂದರೆ ಈಗಲೂ ಸಿಟ್ಟು ಮಾಡುತ್ತಾಳೆ. ಟ್ರಂಕಿನ ಪೇಪರ್ ಇನ್ನೂ ಹೊರಗೆ ಬಂದಿಲ್ಲ.