ಸದಸ್ಯತ್ವದ ಕಾರ್ಡು ಏತಕ್ಕೆ?

“ಓಟು ಹಾಕುತ್ತೇವಲ್ಲ ಮೇಷ್ಟ್ರೇ, ಮತ್ತೆ ಈ ಕಾರ್ಡು ಏತಕ್ಕೆ?” ಎಂದು ನಂಗಲಿಯ ಅಂಗಡಿಕಾರರೊಬ್ಬರು ನಮ್ಮನ್ನು ಕೇಳಿದರು. ನ್ಯಾಯವಾದ ಪ್ರಶ್ನೆ.

1903ರ ರಷ್ಯದ ಸಮಾಜವಾದಿಗಳ ಮಹಾಧಿವೇಶನದಲ್ಲಿ ಲೆನಿನ್, ಮಾರ್ತೊವ್ ಇಬ್ಬರೂ ಇದಕ್ಕಾಗಿಯೇ ವಾದಿಸಿದರು. ಹಣ ಕೊಟ್ಟರೆ ಸಾಲದು, ಪಕ್ಷದ ಒಂದು ಘಟಕದಲ್ಲಿ ಸೇರಿ ದುಡಿದವನೇ ಸದಸ್ಯ ಎಂದರು ಲೆನಿನ್. ನಮ್ಮಲ್ಲಿ 1920ರ ನಾಗಪುರ ಅಧಿವೇಶನದ ನಂತರ ನಾಲ್ಕಾಣೆ ಚಂದಾ ಕೊಟ್ಟ ಬಡವನೂ ಕಾಂಗ್ರೆಸ್ಸಿನ ಸದಸ್ಯನಾದ.

ಸಾಹುಕಾರನ ಥೈಲಿಯಿಂದ ನಡೆಯುವ ಪಕ್ಷ ಸಾಹುಕಾರನ ಮಾತನ್ನೇ ಕೇಳುತ್ತದೆ. ಇಂದು ಮಿಸ್ಡ್ ಕಾಲ್ ಕೊಟ್ಟವರನ್ನೂ ಸದಸ್ಯರೆನ್ನುವ ಪಕ್ಷಗಳಿವೆ. ಅದರಿಂದ ಎಣಿಕೆ ಬೆಳೆದೀತು, ಹಕ್ಕು ಬೆಳೆಯದು.

ಗೆಳೆಯರೇ, ಕಾರ್ಡು ಶಿಫಾರಸು ಚೀಟಿಯಲ್ಲ. ಕೂಲಿಯಲ್ಲಿ, ವ್ಯಾಪಾರದಲ್ಲಿ ಉಳಿಸಿ ಚಂದಾ ತೆತ್ತವನಿಗೆ ನಾಯಕರನ್ನು ಆರಿಸುವ, ಲೆಕ್ಕ ಕೇಳುವ ಅಧಿಕಾರ ಉಂಟು. ಕಾರ್ಡು ಹಿಡಿದು ಬನ್ನಿ. ಮೊದಲು ನಮ್ಮನ್ನೇ ಲೆಕ್ಕ ಕೇಳಿ.