ಬೀಗದ ಡಬ್ಬಿಗೆ ಬೇರೆ ಕಪಾಟು



ಕಂಪ್ಯೂಟರಿನ ಮಾತು ನಮಗೇಕೆ ಎನ್ನುವವರುಂಟು. ನಮ್ಮ ಹಾಜರಿ, ಸಂಬಳ, ಗಿರಾಕಿಯ ಬಿಲ್ಲು ಇಂದು ಅನೇಕ ಹೋಟೆಲುಗಳಲ್ಲಿ ಆ ಯಂತ್ರದೊಳಗೇ ಇರುವಾಗ, ಅದರೊಳಗೆ ಇನ್ನೇನಿದೆಯೆಂದು ಕೇಳುವ ಹಕ್ಕು ನಮಗಿಲ್ಲವೇ?

ಲಿನಕ್ಸ್ ವ್ಯವಸ್ಥೆಯನ್ನು ಕಟ್ಟಿ ಹಂಚುವ ಬಳಗಗಳಲ್ಲಿ ಡೆಬಿಯನ್ ಹಳೆಯದು, 1993ರಲ್ಲಿ ಹುಟ್ಟಿತು. ಅದಕ್ಕೆ ಧಣಿಯಿಲ್ಲ. ದುಡಿಯುವವರೇ ಮತ ಹಾಕಿ ನಡೆಸುತ್ತಾರೆ. ಅಲ್ಲಿನ ತಂತ್ರಾಂಶದ ಮೂಲಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಅಲ್ಲಿವೆ. 1997ರಲ್ಲಿ ಈ ಬಳಗವು ಜನರೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ತನ್ನ ವ್ಯವಸ್ಥೆ ಪೂರ್ತಿ ಮುಕ್ತವಾಗಿರುವುದು; ಮೂಲಬರಹ ಮುಚ್ಚಿಟ್ಟ ಮಾಲನ್ನು ಬೇಕಾದವರಿಗಾಗಿ ಬೇರೆ ಕಪಾಟಿನಲ್ಲಿಡುವುದು.

ಅಡಿಗೆಮನೆ ಬಲ್ಲವರಿಗೆ ಇದರ ಬೆಲೆ ಗೊತ್ತು. ಭಟ್ಟರು ತಾವೇ ಹುರಿದು ಅರೆದ ಮಸಾಲೆಯಲ್ಲಿ ಹೆಚ್ಚುಕಡಿಮೆಯಾದರೆ ತಿದ್ದಬಲ್ಲರು. ಒಳಗೇನಿದೆಯೆಂದು ಬರೆಯದ ಪುಡಿಯ ಪೊಟ್ಟಣ ಸಾರಿಗೆ ಬಿದ್ದು ಗಿರಾಕಿಯ ಹೊಟ್ಟೆ ಕೆಟ್ಟರೆ ಅವರು ಏನು ಮಾಡಬೇಕು? (ಬೈಗುಳವಂತೂ ಮಾಣಿಗೇ!) ಅಡೋಬಿ ಕಂಪನಿಯ ಫ್ಲ್ಯಾಷ್ ಇತ್ತಲ್ಲ, ಅದಕ್ಕೆಂದು ಡೆಬಿಯನ್ ಕಟ್ಟಿದ ಪೊಟ್ಟಣದಲ್ಲಿ ಫ್ಲ್ಯಾಷೇ ಇರಲಿಲ್ಲ, ಕಂಪನಿಯ ಅಂಗಡಿಯಿಂದ ಅದನ್ನು ತರಿಸುವ ಚೀಟಿ ಮಾತ್ರ. ತೂತು ಬಿದ್ದರೆ ಮುಚ್ಚಬೇಕಾದವರು ಕಂಪನಿಯವರೇ. 2020ರ ಕೊನೆಗೆ ಅವರು ಅದನ್ನು ನಿಲ್ಲಿಸಿಯೇ ಬಿಟ್ಟರು.

ಹಾಗಾದರೆ ಬೀಗದ ಮಾಲನ್ನು ಹೊಸ್ತಿಲು ದಾಟಿಸಲೇಬಾರದೆನ್ನುವ ಮಡಿವಂತರಿದ್ದಾರೆ. ನಾವು ಒಪ್ಪುವುದಿಲ್ಲ. ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶವಿಲ್ಲದೆ ಎಷ್ಟೋ ಲ್ಯಾಪ್‌ಟಾಪುಗಳ ವೈಫೈ ಚಿಪ್ ಏಳುವುದೇ ಇಲ್ಲ. ಅದರ ಮೂಲಬರಹವನ್ನು ಕಂಪನಿ ಕೊಡುವುದಿಲ್ಲ. ಹಳೆಯ ಮಾಲು ಕೊಂಡ ಬಡವನಿಗೆ 'ಬೇರೆ ಕೊಳ್ಳು' ಎನ್ನುವುದು ಹೊಟ್ಟೆ ತುಂಬಿದವರ ಉಪದೇಶ. 2018ರಲ್ಲಿ ಸ್ಪೆಕ್ಟರ್ ಎಂಬ ದೋಷ ಬಯಲಾದಾಗ ಇಂಟೆಲ್ ಪ್ರೊಸೆಸರುಗಳಿಗೆ ಬಂದ ತೇಪೆಯೂ ಮುಚ್ಚಿದ ಪೊಟ್ಟಣವೇ.

2022ರಲ್ಲಿ ಡೆಬಿಯನ್ನಿನವರು ಮತ ಹಾಕಿ ಒಪ್ಪಂದವನ್ನೇ ತಿದ್ದಿದರು. 2023ರ ಜೂನಿನಲ್ಲಿ ಬಂದ 12ನೆಯ ಆವೃತ್ತಿಯಿಂದ ಇಂಥ ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರಿನೊಳಗೇ ಇದೆ. ಸೇರಿಸಿದ್ದು ಸರಿ. ಆದರೆ ಯಂತ್ರಕ್ಕೆ ಬೇಕೆಂದು ಕಂಡರೆ ಅದು ಸಾಮಾನ್ಯವಾಗಿ ಕೇಳದೆಯೇ ಹಾಕಿಬಿಡುತ್ತದೆ. ಬೇಡವೆನ್ನುವವನು ಯಂತ್ರ ಶುರುವಾಗುವಾಗಲೇ ಹೇಳಿಟ್ಟಿರಬೇಕು. ಇದನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಮೊದಲು ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ಕಾಗದ ಓದಿ ಹೇಳುವ ಧಣಿಗಳನ್ನು ನಾವು ಕಂಡಿಲ್ಲವೇ? ಈ ಮಾಲು ಮುಚ್ಚಿದ್ದು, ಇಂಥ ಕಂಪನಿಯದು, ಕೆಟ್ಟರೆ ನಮ್ಮಿಂದ ದುರಸ್ತಿಯಾಗದು, ಹಾಕಲೇ ಎಂದು ಕೇಳಿದರೆ ಯಾರ ಗಂಟು ಹೋಗುತ್ತದೆ?

ಪೊಟ್ಟಣ ಕಟ್ಟಿದ ಸ್ವಯಂಸೇವಕರ ಮೇಲೆ ಮಾತ್ರ ಹರಿಹಾಯಬೇಡಿ. ಚಿಪ್ ಮಾರಿ ದುಡ್ಡೆಣಿಸಿದ ಮೇಲೂ ಮೂಲಬರಹ ಬಚ್ಚಿಡುವವರು ಬೇರೆ. ಸಂಘದ ಕಚೇರಿಗೆ ಮುಂದಿನ ಕಂಪ್ಯೂಟರ್ ಕೊಳ್ಳುವಾಗ, ಮುಕ್ತ ಕಪಾಟಿನ ಮಾಲಿನಿಂದಲೇ ಇದರ ವೈಫೈ ನಡೆಯುವುದೇ ಎಂದು ಕೇಳೋಣ. ಒಬ್ಬನೇ ಹೋದರೆ ಅಂಗಡಿಯವನು ನಕ್ಕಾನು. ಹತ್ತು ಮಂದಿ ಹೋಗೋಣ.