ಡೋಲು ಯಾರ ಹಬ್ಬಕ್ಕೆ ನುಡಿಯಬೇಕು?

ಆಗಸ್ಟ್ ತಿಂಗಳ 9ನೆಯ ದಿನವನ್ನು ಜಗತ್ತಿನ ಅನೇಕ ರಾಷ್ಟ್ರಗಳು ಆದಿವಾಸಿಗಳ ದಿನವೆಂದು ಆಚರಿಸುತ್ತವೆ. 1982ರಲ್ಲಿ ಅದೇ ದಿನ, ಮೂಲನಿವಾಸಿ ಜನರ ಸ್ಥಿತಿಗತಿಗಳನ್ನು ಪರಿಶೀಲಿಸಲು ವಿಶ್ವಸಂಸ್ಥೆ ರಚಿಸಿದ್ದ ತಂಡವು ಜಿನೀವಾ ನಗರದಲ್ಲಿ ಮೊದಲ ಬಾರಿಗೆ ಸಭೆ ಸೇರಿತು. ಅದರ ನೆನಪಿಗಾಗಿ 1994ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಈ ದಿನವನ್ನು ಗೊತ್ತುಪಡಿಸಿತು. ನಮ್ಮ ನಾಡಿನಲ್ಲಿಯೂ ಆ ದಿನ ಸಭೆ ಸಮಾರಂಭಗಳು ಜರುಗುತ್ತವೆ. ಇದಲ್ಲದೆ ವರ್ಷದ ಬೇರೆ ಬೇರೆ ಕಾಲದಲ್ಲಿ ಗಿರಿಜನ ಉತ್ಸವಗಳು, ಜಾನಪದ ಮೇಳಗಳು, ದಸರಾ ಮೆರವಣಿಗೆಗಳು ನಡೆಯುತ್ತವೆ. ಸಿದ್ದಿಯರ ಡಮಾಮಿ, ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ, ಸೋಲಿಗರ ಹಾಡು, ಕೊರಗರ ಡೋಲು ಎಲ್ಲವನ್ನೂ ಅಲ್ಲಿ ಕಂಡು ನಾವು ಸಂತೋಷದಿಂದ ಚಪ್ಪಾಳೆ ತಟ್ಟಿ ಮನೆಗೆ ಮರಳುತ್ತೇವೆ.

ಇಂತಹ ಸಮಾರಂಭಗಳು ಬೇಕು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಕಾಡಿನ ಅಂಚಿನಲ್ಲಿ, ಊರಿನ ಹೊರಗೆ ಕಣ್ಣಿಗೆ ಬೀಳದಂತೆ ಬದುಕಿದವರಿಗೆ ಊರ ನಡುವಿನ ವೇದಿಕೆ ದೊರೆಯುವುದು ಸಣ್ಣ ಮಾತಲ್ಲ. ಆದರೆ ಚಪ್ಪಾಳೆ ತಟ್ಟುವ ಮುನ್ನ ಒಂದು ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾಗಿದೆ. ಈ ಹಬ್ಬ ಯಾರದು? ಇಲ್ಲಿ ಯಜಮಾನರು ಯಾರು, ಅತಿಥಿಗಳು ಯಾರು? ಈ ಪ್ರಶ್ನೆಯ ಮಹತ್ವವನ್ನು ಅರಿಯಬೇಕಾದರೆ ಕರಾವಳಿಯ ಕೊರಗರ ಡೋಲಿನ ಕಥೆಯನ್ನು ತಿಳಿಯಬೇಕು.

ಕೊರಗರು ದಕ್ಷಿಣ ಕನ್ನಡ, ಉಡುಪಿ ಹಾಗೂ ಕೇರಳದ ಕಾಸರಗೋಡು ಜಿಲ್ಲೆಗಳಲ್ಲಿ ನೆಲೆಸಿರುವ ಆದಿವಾಸಿಗಳು. ಕಾಡಿನ ಬಳ್ಳಿ ಬಿದಿರುಗಳಿಂದ ಬುಟ್ಟಿ ಹೆಣೆಯುವುದು ಅವರ ಪರಂಪರೆಯ ಕಸುಬು. ಅವರಿಗೆ ತಮ್ಮದೇ ಆದ ಭಾಷೆಯುಂಟು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಅದನ್ನು ಅಭ್ಯಸಿಸಿ 1971ರಲ್ಲಿಯೇ ಗ್ರಂಥವೊಂದನ್ನು ಪ್ರಕಟಿಸಿದ್ದಾರೆ. ತಮ್ಮ ಹಿರಿಯನಾದ ಹುಬಾಶಿಕನೆಂಬವನು ಒಂದು ಕಾಲಕ್ಕೆ ತುಳುನಾಡನ್ನು ಆಳಿದನೆಂಬ ಐತಿಹ್ಯವೂ ಅವರಲ್ಲಿದೆ. ಇಂದು ಅವರ ಸಂಖ್ಯೆ ಕರಗುತ್ತಿರುವುದು ಕಳವಳದ ಸಂಗತಿ. 2001ರ ಜನಗಣತಿಯ ವೇಳೆಗೆ ಕರ್ನಾಟಕದಲ್ಲಿ ಹದಿನಾರು ಸಾವಿರದಷ್ಟಿದ್ದ ಕೊರಗರು 2011ರ ಹೊತ್ತಿಗೆ ಹದಿನೈದು ಸಾವಿರಕ್ಕಿಂತ ಕಡಿಮೆಯಾಗಿದ್ದರು. ನಮ್ಮ ರಾಜ್ಯದಲ್ಲಿ ವಿಶೇಷವಾಗಿ ದುರ್ಬಲವೆಂದು ಸರ್ಕಾರ ಗುರುತಿಸಿರುವ ಬುಡಕಟ್ಟುಗಳು ಎರಡು. ಒಂದು ಜೇನು ಕುರುಬರು, ಇನ್ನೊಂದು ಕೊರಗರು.

ಮರವನ್ನು ಕೊರೆದು ಚರ್ಮ ಬಿಗಿದ ಡೋಲು ಕೊರಗರ ವಾದ್ಯ. ಅದರ ನಾದ ಅವರ ಕೊಪ್ಪಗಳಲ್ಲಿ ಸಂತೋಷಕ್ಕಾಗಿ ನುಡಿಯುತ್ತಿತ್ತು. ಆದರೆ ಕಾಲಾಂತರದಲ್ಲಿ ಅದೇ ಡೋಲನ್ನು ಊರಿನವರ ಜಾತ್ರೆಗೆ, ಕಂಬಳಕ್ಕೆ, ಉತ್ಸವಕ್ಕೆ ಕಡ್ಡಾಯವಾಗಿ ಬಾರಿಸಬೇಕೆಂಬ ಕಟ್ಟು ಬಂದಿತು. ಕೂಲಿಯಿಲ್ಲ, ಇದ್ದರೂ ಹೆಸರಿಗೆ ಮಾತ್ರ. ಕಂಬಳದ ಗದ್ದೆಯಲ್ಲಿ ಕೋಣಗಳ ಓಟಕ್ಕೆ ಮೊದಲು ಕೊರಗರನ್ನೇ ಕೋಣಗಳಂತೆ ಓಡಿಸುತ್ತಿದ್ದರು. ಮನೆಯವರಿಗೆ ತಗಲಿದ ಕೆಡುಕು ಬೇರೆಯವರಿಗೆ ಸಾಗಿಹೋಗಲೆಂದು ಅನ್ನದಲ್ಲಿ ಕೂದಲು, ಉಗುರುಗಳನ್ನು ಬೆರೆಸಿ ಇವರಿಂದ ಉಣ್ಣಿಸುತ್ತಿದ್ದರು. ಇದಕ್ಕೆ ಅಜಲು ಪದ್ಧತಿ ಎಂದು ಹೆಸರು. ಇದೆಲ್ಲವೂ ನಡೆದುದು ‘ಸಂಪ್ರದಾಯ’ ಎಂಬ ಗೌರವದ ಮಾತಿನ ನೆರಳಿನಲ್ಲಿಯೇ ಎಂಬುದನ್ನು ಓದುಗರು ಗಮನಿಸಬೇಕು. ಕೊನೆಗೆ 2000ದಲ್ಲಿ ಕರ್ನಾಟಕ ಸರ್ಕಾರವು ಅಜಲು ನಿಷೇಧ ಕಾಯ್ದೆಯನ್ನು ತಂದು, ಮೇಲೆ ಹೇಳಿದ ಆಚರಣೆಗಳನ್ನೆಲ್ಲ ಶಿಕ್ಷಾರ್ಹ ಅಪರಾಧವೆಂದು ಸಾರಿತು.

ಇದರೊಂದಿಗೆ ಇನ್ನೊಂದು ವಿಚಿತ್ರವನ್ನೂ ನೆನೆಯಬೇಕು. ತುಳುನಾಡಿನಲ್ಲಿ ಕೊರಗಜ್ಜನನ್ನು ನಂಬದ ಮನೆ ವಿರಳ. ತನಿಯನೆಂಬ ಅನಾಥ ಕೊರಗ ಬಾಲಕನನ್ನು ಮೈರಕ್ಕೆ ಬೈದ್ಯೆದಿ ಎಂಬ ತಾಯಿ ಸಾಕಿ ಸಲಹಿದಳೆಂದೂ, ದೇವಸ್ಥಾನಕ್ಕೆ ಹೊರೆ ಹೊತ್ತು ಹೋದ ಅವನಿಗೆ ಒಳಗೆ ಪ್ರವೇಶ ದೊರೆಯಲಿಲ್ಲವೆಂದೂ, ಅಲ್ಲಿಯೇ ಮಾಯವಾದ ಅವನು ದೈವವಾದನೆಂದೂ ಜನ ಹೇಳುತ್ತಾರೆ. ಕಳೆದುಹೋದ ಒಡವೆ ದೊರೆತರೆ ಅವನಿಗೆ ಚಕ್ಕುಲಿ, ವೀಳ್ಯದೆಲೆಗಳ ಹರಕೆ ಸಲ್ಲುತ್ತದೆ. ದೈವವಾದ ಕೊರಗನಿಗೆ ಎಲ್ಲ ಜಾತಿಯವರೂ ಕೈಮುಗಿದರು. ಬದುಕಿರುವ ಕೊರಗರನ್ನು ಮಾತ್ರ ಅಂಗಳದ ಆಚೆ ನಿಲ್ಲಿಸಿದರು. ಸಂಸ್ಕೃತಿಯನ್ನು ಮೆಚ್ಚುವುದು ಬೇರೆ, ಆ ಸಂಸ್ಕೃತಿಯ ಮನುಷ್ಯನನ್ನು ಗೌರವಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಈ ಕಥೆ ಇಲ್ಲಿಗೇ ನಿಂತಿದ್ದರೆ ನಾವು ಇದನ್ನು ಇಲ್ಲಿ ಬರೆಯುತ್ತಿರಲಿಲ್ಲ. 1993ರ ಆಗಸ್ಟ್ 18ರಂದು ಕೊರಗರು ಸಂಘಟಿತರಾಗಿ, ದುಡಿದು ಉಣ್ಣಲು ನಮಗೂ ಭೂಮಿ ಬೇಕು ಎಂದು ಮಂಗಳೂರಿಗೆ ಮೆರವಣಿಗೆಯಲ್ಲಿ ಬಂದರು. ಮರುವರ್ಷ ಪ್ರೊ. ಮಹಮ್ಮದ್ ಪೀರ್ ಅವರ ವರದಿಯು ಪ್ರತಿ ಕೊರಗ ಕುಟುಂಬಕ್ಕೂ ಎರಡೂವರೆ ಎಕರೆ ಜಮೀನು ಕೊಡಬೇಕೆಂದು ಶಿಫಾರಸು ಮಾಡಿತು. ಆ ಮೆರವಣಿಗೆಯ ನೆನಪಿಗಾಗಿ ಆಗಸ್ಟ್ 18ರಂದು ಕೊರಗರು ಭೂಮಿ ಹಬ್ಬವನ್ನು ಆಚರಿಸುತ್ತ ಬಂದಿದ್ದಾರೆ. ಆ ದಿನ ಡೋಲು ನುಡಿಯುತ್ತದೆ, ಹಿರಿಯರೂ ಕಿರಿಯರೂ ಕುಣಿಯುತ್ತಾರೆ. ಇನ್ನೂ ಎಷ್ಟು ಕುಟುಂಬಗಳಿಗೆ ಜಮೀನು ಸಿಕ್ಕಿಲ್ಲ ಎಂಬ ಮಾತೂ ಅದೇ ಸಭೆಯಲ್ಲಿ ಬರುತ್ತದೆ. ಪುರಾಣ ಪಂಚಾಂಗಗಳಲ್ಲಿ ಈ ಹಬ್ಬ ಇಲ್ಲ. ನೊಂದ ಜನರು ತಾವೇ ಕಟ್ಟಿಕೊಂಡ ಹಬ್ಬವಿದು.

ಡೋಲು ಅದೇ, ಬಾರಿಸುವ ಕೈಗಳೂ ಅವೇ. ಬದಲಾದುದು ಇಷ್ಟೇ: ಅಂದು ಅಪ್ಪಣೆಗೆ ಬಾರಿಸುತ್ತಿದ್ದರು, ಇಂದು ತಮ್ಮ ಇಚ್ಛೆಯಿಂದ ಬಾರಿಸುತ್ತಾರೆ. ಅಂದು ಹಬ್ಬ ಊರವರದಾಗಿತ್ತು, ಇಂದು ಹಬ್ಬ ಅವರದೇ. ಆದಿವಾಸಿಗಳ ಸಂಸ್ಕೃತಿಯನ್ನು ಕೊಂಡಾಡುವ ಯಾವುದೇ ಸಮಾರಂಭವನ್ನು ತೂಗಿ ನೋಡಲು ನಮಗೆ ಇದೇ ತಕ್ಕಡಿ ಸಾಕು.

ಇಚ್ಛೆಯೊಂದಿದ್ದರೂ ಸಾಲದು, ಹಬ್ಬಕ್ಕೆ ನೆಲವೂ ಬೇಕು ಎಂಬುದನ್ನು ಚಾಮರಾಜನಗರ ಜಿಲ್ಲೆಯ ಸೋಲಿಗರಿಂದ ತಿಳಿಯಬಹುದು. ಸೋಲಿಗರು ನಮ್ಮ ಓದುಗರಿಗೆ ಅಪರಿಚಿತರಲ್ಲ. ಮಲೆಯ ಮಹದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಕೇಳಿದವರು ಸಂಕಮ್ಮನ ಸಾಲನ್ನು ಮರೆತಿರಲಾರರು. ಬಿಳಿಗಿರಿರಂಗಸ್ವಾಮಿಯು ಸೋಲಿಗರ ಕುಸುಮಾಲೆಯನ್ನು ವರಿಸಿದನೆಂಬ ಕಥೆಯಿಂದಾಗಿ ಇವರು ಆ ದೇವರನ್ನು ಸಲುಗೆಯಿಂದ ಭಾವನೆಂದು ಕರೆಯುತ್ತಾರೆ. ಹೊಸ ರಾಗಿಯ ಫಸಲು ಬಂದಾಗ ಅವರು ಆಚರಿಸುವ ರೊಟ್ಟಿ ಹಬ್ಬ ಪ್ರಸಿದ್ಧವಾದುದು. ಹೊಸ ರಾಗಿಯ ರೊಟ್ಟಿಯನ್ನು ದೇವರಿಗೆ ಅರ್ಪಿಸಿ, ಹಂಚಿಕೊಂಡು ಉಂಡು, ಹಾಡಿ ಕುಣಿಯುವ ಹಬ್ಬವದು. ರಾಗಿ ಬೆಳೆಯುವ ನೆಲವಿಲ್ಲದಿದ್ದರೆ ರೊಟ್ಟಿ ಹಬ್ಬವೆಲ್ಲಿ?

ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ವನ್ಯಧಾಮವಾಯಿತು. ಸೋಲಿಗರ ಪೋಡುಗಳು ಕಾಡಿನ ಒಳಗಿನಿಂದ ಅಂಚಿಗೆ ಬಂದವು. ಅವರು ಬೇಸಿಗೆಯ ಮೊದಲಿಗೆ ಒಣ ತರಗೆಲೆಗಳಿಗೆ ಹಚ್ಚುತ್ತಿದ್ದ ಸಣ್ಣ ಬೆಂಕಿಯೂ ನಿಂತಿತು. ಅದನ್ನವರು ತರಗು ಬೆಂಕಿ ಎನ್ನುತ್ತಿದ್ದರು. ಆ ಬೆಂಕಿ ನಿಂತ ಮೇಲೆ ಕಾಡಿನಲ್ಲಿ ಲಂಟಾನ ಪೊದೆ ಹಬ್ಬಿತೆಂದೂ, ನೆಲ್ಲಿಯ ಮರಗಳ ಮೇಲೆ ಬದನಿಕೆ ಹೆಚ್ಚಿತೆಂದೂ ಸೋಲಿಗರು ಹೇಳುತ್ತ ಬಂದರು. ಈ ಮಾತಿನಲ್ಲಿ ಹುರುಳಿದೆಯೆಂದು ಅಲ್ಲಿ ಸಂಶೋಧನೆ ನಡೆಸಿದ ವಿಜ್ಞಾನಿಗಳೂ ಬರೆದಿದ್ದಾರೆ. ಸಂಶೋಧಕರೂ ಸೋಲಿಗರೂ ಕೂಡಿ ನಡೆದಾಡಿ, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಇವರು ಪೂಜಿಸುವ ನಾನೂರಕ್ಕೂ ಹೆಚ್ಚು ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದರು. 2006ರ ಅರಣ್ಯ ಹಕ್ಕು ಕಾಯ್ದೆಯಂತೆ 2011ರಲ್ಲಿ, ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷದಲ್ಲಿಯೇ, ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ದೊರೆಯಿತು. ಹುಲಿಯ ಕಾಡಿನಲ್ಲಿ ಬುಡಕಟ್ಟು ಜನರಿಗೆ ಇಂತಹ ಹಕ್ಕು ದೊರೆತುದು ದೇಶದಲ್ಲಿಯೇ ಮೊದಲೆಂದು ಆಗ ವರದಿಯಾಯಿತು. ನಮ್ಮ ದೃಷ್ಟಿಯಲ್ಲಿ ಆ ಹಕ್ಕುಪತ್ರವು ಯಾವ ವೇದಿಕೆಯ ಸನ್ಮಾನಕ್ಕಿಂತಲೂ ದೊಡ್ಡದು.

ಇನ್ನು ನಮ್ಮ ಮನೆಗಳ ಮಾತು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಮುಖಕ್ಕೆ ಮಸಿ ಬಳಿದು, ಸೊಂಟಕ್ಕೆ ಎಲೆ ಕಟ್ಟಿ, ಅರ್ಥವಿಲ್ಲದ ಶಬ್ದಗಳನ್ನು ಕೂಗಿಸಿ ‘ಕಾಡುಜನರ ನೃತ್ಯ’ ಮಾಡಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ಕೆಟ್ಟ ಉದ್ದೇಶದಿಂದ ಯಾರೂ ಮಾಡಿಸುವುದಿಲ್ಲ, ನಿಜ. ಆದರೆ ಅದೇ ಸಭೆಯಲ್ಲಿ ಒಬ್ಬ ಕೊರಗರ ಅಥವಾ ಜೇನು ಕುರುಬರ ಮಗು ಕುಳಿತಿದ್ದರೆ ಅದರ ಮನಸ್ಸಿಗೆ ಏನಾದೀತು? ಪಾಲಕರು ಶಿಕ್ಷಕರೊಡನೆ ನಯವಾಗಿ ಈ ಮಾತನ್ನಾಡಬೇಕು. ಅದರ ಬದಲು ಸಮೀಪದ ಬುಡಕಟ್ಟಿನ ಹಿರಿಯರೊಬ್ಬರನ್ನು ಆಹ್ವಾನಿಸಿ, ಅವರ ಬಾಯಿಂದಲೇ ಅವರ ಹಾಡನ್ನೂ ಬದುಕನ್ನೂ ಕೇಳಿಸುವುದು ಮೇಲು.

ಜಾತ್ರೆ ಉತ್ಸವಗಳನ್ನು ನಡೆಸುವ ಸಮಿತಿಗಳಿಗೂ ನಮ್ಮದೊಂದು ವಿನಂತಿ. ಬುಡಕಟ್ಟಿನ ಕಲಾವಿದರನ್ನು ಕರೆಸಿದರೆ ಗೌರವಧನವನ್ನು ಮೊದಲೇ ನಿಗದಿ ಮಾಡಿ ಅಂದೇ ಕೊಡಿರಿ. ಊಟದ ಪಂಕ್ತಿಯಲ್ಲಿ ಎಲ್ಲರೊಡನೆ ಕುಳ್ಳಿರಿಸಿರಿ. ಕುಣಿಯಲು ವೇದಿಕೆ ಕೊಟ್ಟಂತೆ ಮಾತನಾಡಲು ಧ್ವನಿವರ್ಧಕವನ್ನೂ ಕೊಡಿರಿ. ಅವರು ಬರಲು ಒಪ್ಪದಿದ್ದರೆ ಒತ್ತಾಯಿಸಬೇಡಿರಿ. ಬಾರದಿರುವ ಸ್ವಾತಂತ್ರ್ಯ ಇದ್ದಾಗಲೇ ಬಂದುದಕ್ಕೆ ಬೆಲೆ.

ಸಂತೆಯಲ್ಲಿ ಬುಟ್ಟಿ ಕೊಳ್ಳುವಾಗ ನಾಲ್ಕು ರೂಪಾಯಿಗೆ ಚೌಕಾಸಿ ಮಾಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಉಂಟು. ಪ್ಲಾಸ್ಟಿಕ್ಕಿನ ಮುಂದೆ ಸೊರಗಿರುವ ಆ ಕಸುಬಿಗೆ ನಾವು ಸಲ್ಲಿಸುವ ಕನಿಷ್ಠ ಗೌರವ ನ್ಯಾಯವಾದ ಬೆಲೆ. ಬುಟ್ಟಿ ಹೆಣೆದು ಬಾಳಿದ ಮೇದಾರ ಕೇತಯ್ಯನನ್ನು ಶರಣನೆಂದು ನೆನೆಯುವ ಮನೆತನದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬರುವ ಆಗಸ್ಟಿನಲ್ಲಿ ಕರಾವಳಿಯ ಕಡೆಗೆ ಹೋಗುವ ಓದುಗರು ಸಾಧ್ಯವಾದರೆ ಭೂಮಿ ಹಬ್ಬದ ಸ್ಥಳವನ್ನು ವಿಚಾರಿಸಿ, ಕೊರಗರ ಒಪ್ಪಿಗೆ ಪಡೆದು ಮಕ್ಕಳೊಡನೆ ಹೋಗಿ ಬರಲಿ. ಅಲ್ಲಿ ಮುಂದಿನ ಸಾಲಿನ ಕುರ್ಚಿಯನ್ನು ಬಯಸದೆ ಹಿಂದೆ ಕುಳಿತು ಡೋಲಿನ ನಾದವನ್ನು ಕೇಳಲಿ. ಅದು ಯಾರ ಅಪ್ಪಣೆಗೂ ಕಾಯದೆ ನುಡಿಯುವ ಡೋಲು ಎಂದು ಮಕ್ಕಳಿಗೆ ತಿಳಿಸಿ ಹೇಳಲಿ.